ಚಕ್ರವ್ಯೂಹದ ಆಟದಲ್ಲಿ ಅಡಗಿರುವ ಗಣಿತ



ಮೊಬೈಲಿನಲ್ಲಿ ನಮ್ಮಲ್ಲಿ ಅನೇಕರು ಆಡುವ ಒಂದು ಬಗೆಯ ಆಟವಿದೆ. ಕತ್ತಲೆ ತುಂಬಿದ ಚಕ್ರವ್ಯೂಹ. ಒಳಗೆ ಬೇರೆ ಬೇರೆ ಊರುಗಳಿಂದ ಆನ್‌ಲೈನ್ ಬಂದ ಎಂಟು-ಹತ್ತು ಆಟಗಾರರು. ಅವರಲ್ಲಿ ಒಬ್ಬಿಬ್ಬರು ಬೇಟೆಗಾರರು. ಉಳಿದವರು ಸಮಯ ಮುಗಿಯುವವರೆಗೆ ಅಡಗಿಕೊಂಡು, ಸಿಕ್ಕಿಬೀಳದೆ ಉಳಿಯಬೇಕು. ಮನೆಯಲ್ಲಿ ಉರ್ದು ಮಾತಾಡುವವರು ಇಂಥ ಜಾಗಕ್ಕೆ ಭೂಲ್ ಭುಲಯ್ಯಾ ಎನ್ನುತ್ತಾರೆ. ಲಖನೌದ ಬಡಾ ಇಮಾಂಬಾಡಾದಲ್ಲಿ ಆ ಹೆಸರಿನ ಇಕ್ಕಟ್ಟಾದ ದಾರಿಗಳ ಜಾಲವೇ ಇದೆ.

ರವಿವಾರ ನಾನೂ ಈ ಆಟ ಆಡುತ್ತೇನೆ. ನೋಡುವವರಿಗೆ ಅದು ಬರೀ ಗದ್ದಲ, ಓಡಾಟ, ಚೀರಾಟ. ಜೋರಾಗಿ ಓಡುವವನೇ ಗೆಲ್ಲುತ್ತಾನೆ ಅನಿಸುತ್ತದೆ. ಆದರೆ ಯಾರು ಉಳಿಯುತ್ತಾರೆ ಎಂಬುದನ್ನು ಹೆಚ್ಚಾಗಿ ಎರಡು ಸಂಗತಿಗಳು ತೀರ್ಮಾನಿಸುತ್ತವೆ. ಒಂದು, ದಾರಿಗಳು ಒಂದಕ್ಕೊಂದು ಹೇಗೆ ಕೂಡಿವೆ ಎಂಬುದು. ಎರಡು, ಯಾರಿಗೆ ಯಾರು ಕಾಣುತ್ತಾರೆ ಎಂಬುದು. ಇವೆರಡರ ಹಿಂದಿನ ಗಣಿತವನ್ನು ಇಲ್ಲಿ ಸರಳವಾಗಿ ವಿವರಿಸುತ್ತೇನೆ. ಅದು ಆಟದ ಹೊರಗೂ ಉಪಯೋಗಕ್ಕೆ ಬರುವಂಥದ್ದು.

ಆಟ ಹುಟ್ಟಿದ್ದು ಹೇಗೆ?

ಈ ಬಗೆಯ ಆಟಕ್ಕೆ ಐವತ್ತು ವರ್ಷಗಳ ಇತಿಹಾಸವಿದೆ. 1973ರಲ್ಲಿ ಅಮೆರಿಕದ ನಾಸಾ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ ‘ಮೇಜ್’ ಎಂಬ ಆಟ ತಯಾರಾಯಿತು. ಸ್ಟೀವ್ ಕೋಲಿ, ಗ್ರೆಗ್ ಥಾಂಪ್ಸನ್ ಮತ್ತು ಹೋವರ್ಡ್ ಪಾಮರ್ ಅದನ್ನು ರೂಪಿಸಿದರು. ಮೂವರೂ ಆಗ ಅಲ್ಲಿ ಕಲಿಕೆಯ ಜೊತೆಗೆ ಕೆಲಸ ಮಾಡುತ್ತಿದ್ದ ಹೈಸ್ಕೂಲ್ ವಿದ್ಯಾರ್ಥಿಗಳು, ಅಂದರೆ ಹೆಚ್ಚುಕಡಿಮೆ ನಮ್ಮ ವಯಸ್ಸಿನವರು. ಎರಡು ಕಂಪ್ಯೂಟರ್‌ಗಳನ್ನು ಜೋಡಿಸಿ ಒಂದೇ ಚಕ್ರವ್ಯೂಹದಲ್ಲಿ ಒಬ್ಬರನ್ನೊಬ್ಬರು ಹುಡುಕುವಂತೆ ಮಾಡಿದರು. ಮುಂದಿನ ವರ್ಷ ಥಾಂಪ್ಸನ್ ಎಂಐಟಿಗೆ ಹೋದಾಗ ಎಂಟು ಜನ ಒಟ್ಟಿಗೆ ಆಡುವಂತಾಯಿತು.

ಓಣಿಗಳನ್ನು ಚುಕ್ಕಿ-ಗೆರೆ ಮಾಡುವುದು

ಕಮತಗಿಯ ಹಳೆಯ ಓಣಿಗಳನ್ನು ನೆನಪಿಸಿಕೊಳ್ಳಿ. ದಾರಿಗಳು ಕೂಡುವ ಪ್ರತಿ ಜಾಗಕ್ಕೂ ಒಂದು ಚುಕ್ಕಿ ಇಡಿ. ಎರಡು ಚುಕ್ಕಿಗಳ ನಡುವೆ ಓಣಿ ಇದ್ದರೆ ಒಂದು ಗೆರೆ ಎಳೆಯಿರಿ. ಮನೆ, ಮಗ್ಗ, ಅಂಗಡಿ ಎಲ್ಲವನ್ನೂ ಬಿಟ್ಟುಬಿಡಿ. ಈಗ ನೋಟ್‌ಬುಕ್ಕಿನಲ್ಲಿ ಉಳಿದ ಚಿತ್ರಕ್ಕೆ ಗಣಿತದಲ್ಲಿ ‘ಗ್ರಾಫ್’ ಎಂದು ಹೆಸರು. 1736ರಲ್ಲಿ ಲಿಯೊನಾರ್ಡ್ ಆಯ್ಲರ್ ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳ ಸಮಸ್ಯೆಯನ್ನು ಬಿಡಿಸಿದ್ದು ಹೀಗೆ ಯೋಚಿಸಿಯೇ.

ಬೇಟೆಗಾರನಿಗೆ ನೀವು ಕಾಣುತ್ತಿದ್ದರೆ

ಮೊದಲು ಬೆಳಕಿನ ಆಟ ನೋಡೋಣ. ಇಬ್ಬರಿಗೂ ಇಬ್ಬರೂ ಕಾಣುತ್ತಾರೆ, ಸರದಿಯಂತೆ ಒಂದೊಂದು ಚುಕ್ಕಿ ಮುಂದೆ ಹೋಗಬಹುದು. ಎರಡು ಬಟನ್ ಅಥವಾ ಎರಡು ನಾಣ್ಯ ಇಟ್ಟು ನೀವೇ ಆಡಿ ನೋಡಿ.

ಚಿತ್ರವು ಮರದಂತೆ ಕವಲೊಡೆಯುತ್ತ ಹೋಗಿ, ಎಲ್ಲಿಯೂ ಸುತ್ತಿ ಬರುವ ದಾರಿ ಇಲ್ಲದಿದ್ದರೆ ಒಬ್ಬ ಬೇಟೆಗಾರ ಸಾಕು. ಅವನು ಪ್ರತಿ ಸಲ ನಿಮ್ಮ ಕಡೆಗೇ ಹೆಜ್ಜೆ ಇಡುತ್ತಾನೆ. ಅವನನ್ನು ದಾಟಿ ಹಿಂದಕ್ಕೆ ಹೋಗಲು ನಿಮಗೆ ಬೇರೆ ದಾರಿಯಿಲ್ಲ. ನಿಮ್ಮ ಪಾಲಿನ ಜಾಗ ಕಡಿಮೆಯಾಗುತ್ತ ಬಂದು ಕೊನೆಗೆ ಮುಂದೆ ದಾರಿಯಿಲ್ಲದ ಓಣಿಯಲ್ಲಿ ಸಿಗುತ್ತೀರಿ.

ಈಗ ನಾಲ್ಕು ಮೂಲೆಯ ಒಂದು ಚೌಕ ಬರೆಯಿರಿ. ಬೇಟೆಗಾರ ಒಂದು ಮೂಲೆಯಲ್ಲಿ, ನೀವು ಎದುರು ಮೂಲೆಯಲ್ಲಿ. ಅವನು ಒಂದು ಮೂಲೆ ಸರಿದರೆ ನೀವೂ ಒಂದು ಮೂಲೆ ಸರಿದು ಮತ್ತೆ ಎದುರಿಗೇ ನಿಲ್ಲುತ್ತೀರಿ. ಸಂಜೆಯವರೆಗೆ ಓಡಿದರೂ ಒಬ್ಬ ಬೇಟೆಗಾರ ನಿಮ್ಮನ್ನು ಹಿಡಿಯಲಾರ. ಇಬ್ಬರು ಬಂದು ಎರಡೂ ಕಡೆಯಿಂದ ಹೊರಟರೆ ಮಾತ್ರ ಸಿಗುತ್ತೀರಿ. 2016ರಲ್ಲಿ ಬಂದ ‘ಡೆಡ್ ಬೈ ಡೇಲೈಟ್’ ಆಟದಲ್ಲಿ ನಾಲ್ವರ ಬೆನ್ನು ಹತ್ತುವವನು ಒಬ್ಬನೇ. ಅಲ್ಲಿನ ಆಟಗಾರರು ಹೀಗೆ ಸುತ್ತಿಸಿ ಸುತ್ತಿಸಿ ಬೇಟೆಗಾರನ ಸಮಯ ಕಳೆಯುವುದಕ್ಕೆ ‘ಲೂಪಿಂಗ್’ ಎಂದೇ ಹೆಸರಿಟ್ಟಿದ್ದಾರೆ.

ಹಾಗಾದರೆ ದೊಡ್ಡ ಚಕ್ರವ್ಯೂಹಕ್ಕೆ ಎಷ್ಟು ಬೇಟೆಗಾರರು ಬೇಕು? 1984ರಲ್ಲಿ ಐಗ್ನರ್ ಮತ್ತು ಫ್ರೊಮೆ ಎಂಬ ಗಣಿತಜ್ಞರು ಉತ್ತರ ಕೊಟ್ಟರು. ಗೆರೆಗಳು ಒಂದರ ಮೇಲೊಂದು ಹಾಯದಂತೆ ಹಾಳೆಯ ಮೇಲೆ ಬರೆಯಲು ಬರುವ ಯಾವುದೇ ಜಾಲಕ್ಕೂ ಮೂವರು ಸಾಕು. ಸೇತುವೆ, ಸುರಂಗ, ಮಹಡಿ ಇಲ್ಲದ ಚಕ್ರವ್ಯೂಹ ಎಷ್ಟೇ ದೊಡ್ಡದಿರಲಿ, ಮೂವರು ಸರಿಯಾಗಿ ಕೂಡಿ ನಡೆದರೆ ತಪ್ಪಿಸಿಕೊಳ್ಳಲಾಗದು.

ಕತ್ತಲಾದಾಗ ಲೆಕ್ಕ ಬದಲಾಗುತ್ತದೆ

ನಮ್ಮ ಮೊಬೈಲ್ ಆಟದಲ್ಲಿ ಬೇಟೆಗಾರನಿಗೆ ನೀವು ಕಾಣುವುದಿಲ್ಲ. ಆಗ ಮರದಂಥ ಸುಲಭ ಜಾಲವೂ ಕಷ್ಟವಾಗುತ್ತದೆ. ಮೂರು ಉದ್ದನೆಯ ಓಣಿಗಳು ಕೂಡುವ ಒಂದು ಜಾಗ ಸಾಕು. ಒಬ್ಬನೇ ಬೇಟೆಗಾರ ಮೊದಲ ಓಣಿಯ ಕೊನೆಯವರೆಗೆ ಹೋಗಿ ನೋಡಿ ಬರುತ್ತಾನೆ. ನಂತರ ಎರಡನೆಯ ಓಣಿಗೆ ಹೋಗುತ್ತಾನೆ. ಅಷ್ಟರಲ್ಲಿ ಮೂರನೆಯದರಲ್ಲಿದ್ದ ನೀವು ಅವನು ನೋಡಿಬಿಟ್ಟ ಮೊದಲ ಓಣಿಗೆ ಸದ್ದಿಲ್ಲದೆ ಸರಿಯಬಹುದು. ಎಷ್ಟು ಸಲ ತಿರುಗಿದರೂ ‘ಎಲ್ಲ ಹುಡುಕಿ ಮುಗಿಯಿತು’ ಎಂದು ಅವನು ಹೇಳುವಂತಿಲ್ಲ.

ಇಬ್ಬರಿದ್ದರೆ? ಒಬ್ಬ ಕೂಡುವ ಜಾಗದಲ್ಲಿ ನಿಲ್ಲಬೇಕು, ಇನ್ನೊಬ್ಬ ಒಂದೊಂದೇ ಓಣಿ ನೋಡಿ ಬರಬೇಕು. ನಿಂತವನು ಏನೂ ಮಾಡುತ್ತಿಲ್ಲ ಅನಿಸುತ್ತದೆ. ಆದರೆ ಹುಡುಕಿದ ಓಣಿ ಹುಡುಕಿದ್ದಾಗಿಯೇ ಉಳಿಯುವುದು ಅವನಿಂದ. ಇಬ್ಬರೂ ಒಂದೇ ಕಡೆ ಓಡಿದರೆ ಒಬ್ಬನೇ ಓಡಿದಂತೆ.

ಈ ಗಣಿತ ಹುಟ್ಟಿದ್ದು ಆಟದಿಂದಲ್ಲ. ಗವಿಯೊಳಗೆ ದಾರಿ ತಪ್ಪಿ ಅಲೆಯುತ್ತಿರುವ ಮನುಷ್ಯನನ್ನು ಖಚಿತವಾಗಿ ಹುಡುಕಲು ಕನಿಷ್ಠ ಎಷ್ಟು ಜನ ಬೇಕು ಎಂಬ ಪ್ರಶ್ನೆಯನ್ನು ಗವಿಗಳನ್ನು ಶೋಧಿಸುವವರೊಬ್ಬರು ಕೇಳಿದ್ದರು. 1976ರಲ್ಲಿ ಟಾರೆನ್ಸ್ ಪಾರ್ಸನ್ಸ್ ಅದನ್ನು ಗ್ರಾಫ್‌ನ ಸಮಸ್ಯೆಯಾಗಿ ಬರೆದು ಪ್ರಕಟಿಸಿದರು.

ನಮ್ಮ ಪಠ್ಯದಲ್ಲಿ ಇದು ಎಲ್ಲಿದೆ?

ಕಂಪ್ಯೂಟರ್ ಸೈನ್ಸ್ ಓದುವವರಿಗೆ ಸ್ಟ್ಯಾಕ್ ಮತ್ತು ಕ್ಯೂ ಗೊತ್ತು. ಅಂಕಕ್ಕಾಗಿ ವ್ಯಾಖ್ಯೆ ಬಾಯಿಪಾಠ ಮಾಡುತ್ತೇವೆ. ಚಕ್ರವ್ಯೂಹದಲ್ಲಿ ಅವು ಕೆಲಸ ಮಾಡುವುದನ್ನು ನೋಡಬಹುದು. ದಾರಿ ಮುಗಿದಾಗ ಎಲ್ಲಕ್ಕಿಂತ ಕೊನೆಗೆ ದಾಟಿದ ಕವಲಿಗೆ ಮರಳಿ ಬೇರೆ ದಾರಿ ಹಿಡಿದರೆ ಅದು ಸ್ಟ್ಯಾಕ್: ಕೊನೆಗೆ ಬಂದದ್ದು ಮೊದಲು ಹೊರಗೆ. ಹೊರಟ ಜಾಗದಿಂದ ಒಂದು ಹೆಜ್ಜೆ ದೂರದ ಚುಕ್ಕಿಗಳನ್ನೆಲ್ಲ ನೋಡಿ, ನಂತರ ಎರಡು ಹೆಜ್ಜೆ ದೂರದವುಗಳನ್ನು ನೋಡುತ್ತ ಹೋದರೆ ಅದು ಕ್ಯೂ: ಮೊದಲು ಬಂದದ್ದು ಮೊದಲು ಹೊರಗೆ. ಈ ಎರಡನೆಯ ವಿಧಾನ ಅತಿ ಹತ್ತಿರದ ದಾರಿಯನ್ನೇ ಕೊಡುತ್ತದೆ. ಎಡ್ವರ್ಡ್ ಮೂರ್ 1959ರಲ್ಲಿ ಇದನ್ನು ಪ್ರಕಟಿಸಿದ್ದು ಚಕ್ರವ್ಯೂಹದ ಹತ್ತಿರದ ದಾರಿ ಕಂಡುಹಿಡಿಯುವ ವಿಧಾನವಾಗಿಯೇ.

ಬೇಟೆಗಾರನ ಪಾತ್ರವನ್ನು ಕಂಪ್ಯೂಟರೇ ಆಡುವ ಆಟಗಳೂ ಇವೆ. 1980ರ ಜಪಾನಿನ ‘ಪ್ಯಾಕ್‌ಮ್ಯಾನ್’ನಲ್ಲಿ ನಾಲ್ಕು ಭೂತಗಳಿವೆ. ಕೆಂಪು ಭೂತ ನೀವಿರುವ ಚೌಕಕ್ಕೇ ಗುರಿ ಇಡುತ್ತದೆ. ಗುಲಾಬಿ ಭೂತದ ಗುರಿ ನಿಮ್ಮ ಮುಂದಿನ ನಾಲ್ಕನೆಯ ಚೌಕ. ಹಿಂದಿನಿಂದ ಒಂದು, ಮುಂದಿನಿಂದ ಒಂದು! ಆ ಚಕ್ರವ್ಯೂಹದಲ್ಲಿ ನೀವು ಓಡಾಡುವ ಯಾವ ದಾರಿಯೂ ಮಧ್ಯದಲ್ಲಿ ನಿಂತುಹೋಗುವುದಿಲ್ಲ, ಎಲ್ಲವೂ ಸುತ್ತಿ ಬರುತ್ತವೆ. ಹಾಗಾಗಿ ಒಂದೇ ಭೂತವಿದ್ದರೆ ಆಟ ಸಪ್ಪೆಯಾಗುತ್ತಿತ್ತು.

ಆಟದಾಚೆಗೆ

ಜಾತ್ರೆಯಲ್ಲೋ ಉರುಸಿನಲ್ಲೋ ಚಿಕ್ಕ ಮಗು ಕೈತಪ್ಪಿತು ಎನ್ನಿ. ಮನೆಯವರೆಲ್ಲ ಗಾಬರಿಯಿಂದ ಒಂದೇ ದಿಕ್ಕಿಗೆ ಓಡುತ್ತಾರೆ. ಅಂಗಡಿ ಸಾಲುಗಳ ನಡುವೆ ಮಗು ಕಾಣುವುದಿಲ್ಲ, ಒಂದೆಡೆ ನಿಲ್ಲುವುದೂ ಇಲ್ಲ. ಇದು ಕತ್ತಲ ಚಕ್ರವ್ಯೂಹದ ಲೆಕ್ಕವೇ. ಮೊದಲು ದಾರಿಗಳು ಕೂಡುವ ಜಾಗದಲ್ಲಿ ಒಬ್ಬರನ್ನು ನಿಲ್ಲಿಸಿ, ಉಳಿದವರು ಒಂದೊಂದೇ ಸಾಲು ಹುಡುಕಬೇಕು. ಮಗು ನಿಂತಲ್ಲೇ ನಿಂತರೆ ಲೆಕ್ಕ ಇನ್ನೂ ಸುಲಭ: ನೋಡಿದ ಸಾಲನ್ನು ನೆನಪಿಟ್ಟುಕೊಂಡು ನಡೆದರೆ ಒಬ್ಬರೇ ಹುಡುಕಿದರೂ ಕೊನೆಗೆ ಸಿಕ್ಕೇ ಸಿಗುತ್ತದೆ. ‘ನಾವು ಕಾಣದಿದ್ದರೆ ಅಲ್ಲೇ ನಿಂತುಕೋ, ನಾವೇ ಬರುತ್ತೇವೆ’ ಎಂದು ಅಮ್ಮಂದಿರು ಹೇಳುವ ಮಾತಿನಲ್ಲಿ ಈ ಗಣಿತವೇ ಇದೆ. ನಿಮ್ಮ ತಮ್ಮ-ತಂಗಿಯರಿಗೆ ಈ ಮಾತನ್ನು ಇವತ್ತೇ ಹೇಳಿಕೊಡಿ.

ಅಭ್ಯಾಸ

1. ನಾಲ್ಕು ಮೂಲೆಯ ಚೌಕದ ಒಂದು ಮೂಲೆಗೆ ಉದ್ದನೆಯ ಓಣಿ ಸೇರಿಸಿ. ಬೆಳಕಿನಲ್ಲಿ ಒಬ್ಬ ಬೇಟೆಗಾರ ಸಾಕೇ? ಓಡುವವನು ಎಲ್ಲಿರಬೇಕು?

2. ಒಂದು ಮೂಲೆಯಲ್ಲಿ ಕೂಡಿದ ಎರಡು ಚೌಕಗಳನ್ನು ಬರೆಯಿರಿ. ಬೆಳಕಿನಲ್ಲಿ ಎಷ್ಟು ಬೇಟೆಗಾರರು ಬೇಕು?

3. ಮೂರು ಕವಲುಗಳು ಕೂಡುವ ಜಾಗವಿದೆ. ಕತ್ತಲಲ್ಲಿ ಪ್ರತಿ ಕವಲನ್ನು ಹುಡುಕಲು ಇಬ್ಬರು ಬೇಕು. ಇಡೀ ಜಾಲಕ್ಕೆ ಇಬ್ಬರೇ ಸಾಲುವುದಿಲ್ಲ, ಕನಿಷ್ಠ ಮೂವರು ಬೇಕು. ಏಕೆ?

ಮೂರನೆಯದನ್ನು ಬಿಡಿಸಿದವರು ಕಂಪ್ಯೂಟರ್ ಲ್ಯಾಬಿನ ಬೋರ್ಡಿನ ಮೇಲೆ ಚಿತ್ರ ಸಮೇತ ಬರೆಯಿರಿ. ಎಲ್ಲರೂ ಕೂಡಿ ಚರ್ಚಿಸೋಣ.