ಬೀಡಿ ಬಿಟ್ಟರೂ ಪಿಂಚಣಿ ಬಿಡಬೇಡಿ



ದನದ ಡಾಕ್ಟರಿಗೆ ಪಿಂಚಣಿಯ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಹಟ್ಟಿಯಲ್ಲಿ ದನ ಇರುವ ಎಷ್ಟೋ ಮನೆಗಳ ಜಗಲಿಯಲ್ಲಿ ಬೀಡಿಯ ತಡ್ಪೆಯೂ ಇರುತ್ತದೆ. ಎರಡನೇ ದನ ಬಂದ ಮೇಲೆ ಬೀಡಿ ನಿಲ್ಲಿಸುತ್ತೀರಿ. ಆಗ ಬರುವ ಪ್ರಶ್ನೆ: "ಪಿ.ಎಫ್. ತೆಗೆದು ಇನ್ನೊಂದು ದನ ತರುವುದಾ ಡಾಕ್ಟ್ರೇ?"

ಪಿ.ಎಫ್. ಹಣ ಬೇರೆ, ಪಿಂಚಣಿ ಬೇರೆ. ನಿಮ್ಮ ಕೂಲಿಯಿಂದ ಕಡಿತವಾದದ್ದು ಪಿ.ಎಫ್.ಗೆ ಹೋಗುತ್ತದೆ. ಮಾಲೀಕರ ಪಾಲಿನಿಂದ ಕೂಲಿಯ ಶೇ. 8.33 ಪಿಂಚಣಿ ನಿಧಿಗೆ ಹೋಗುತ್ತದೆ. ಮನೆಯಲ್ಲೇ ಕೂತು ಕಟ್ಟುವವರಿಗೂ ಈ ಹಕ್ಕು ಇದೆ. 1985ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ.

ಪಿಂಚಣಿ ಸಿಗಲು ಕನಿಷ್ಠ 10 ವರ್ಷದ ಸೇವೆ ಬೇಕು, 58 ವಯಸ್ಸು ತುಂಬಬೇಕು. ಲೆಕ್ಕ ಹೀಗೆ: ಕೊನೆಯ 60 ತಿಂಗಳ ಕೂಲಿಯ ಸರಾಸರಿಯನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. 20 ವರ್ಷ ದಾಟಿದವರಿಗೆ 58ಕ್ಕೆ ಎರಡು ವರ್ಷ ಹೆಚ್ಚುವರಿ ಸೇರಿಸುತ್ತಾರೆ. ಸರಾಸರಿ 4,000 ರೂಪಾಯಿ, ಸೇವೆ 20 ವರ್ಷ ಎಂದಿಟ್ಟುಕೊಳ್ಳಿ. 4,000ವನ್ನು 22ರಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 1,257 ರೂಪಾಯಿ. ಅದೇ ಕೂಲಿಗೆ 12 ವರ್ಷವಾದರೆ ಲೆಕ್ಕದಲ್ಲಿ 686 ಬರುತ್ತದೆ, ಆದರೆ 2014ರ ಸೆಪ್ಟೆಂಬರಿನಿಂದ ಕನಿಷ್ಠ ಪಿಂಚಣಿ 1,000 ರೂಪಾಯಿ. ದೊಡ್ಡ ಮೊತ್ತವೇನಲ್ಲ ನಿಜ. ಆದರೆ ದನ ಬತ್ತಿದ ತಿಂಗಳಲ್ಲೂ ಬರುವ ಹಣ ಅದು. 1995ರ ನವೆಂಬರ್ 16ಕ್ಕಿಂತ ಹಿಂದಿನ ದುಡಿಮೆಗೆ ಲೆಕ್ಕ ಬೇರೆ ಇದೆ.

ನಷ್ಟವಾಗುವುದು ಎಂಟೊಂಬತ್ತು ವರ್ಷಕ್ಕೆ ಬಿಟ್ಟವರಿಗೆ. ಪಿ.ಎಫ್. ಅರ್ಜಿಯ ಜೊತೆ ನಮೂನೆ 10ಸಿಗೂ ಸಹಿ ಹಾಕಿಸಿ ಪಿಂಚಣಿಯ ಪಾಲನ್ನೂ ತೆಗೆಸಿದರೆ ಆ ವರ್ಷಗಳು ಅಳಿಸಿಹೋಗುತ್ತವೆ. ಸಹಿ ಹಾಕುವ ಮೊದಲು ಯಾವ ನಮೂನೆ ಎಂದು ಕೇಳಿ. ಅದೇ 10ಸಿಯಲ್ಲಿ ಹಣದ ಬದಲು 'ಸ್ಕೀಂ ಸರ್ಟಿಫಿಕೇಟ್' ಕೇಳಬಹುದು, ಮುಂದೆ ಪಿ.ಎಫ್. ಇರುವ ಯಾವ ಕೆಲಸಕ್ಕೆ ಸೇರಿದರೂ ಹಳೆಯ ವರ್ಷಗಳು ಕೂಡುತ್ತವೆ. ಹತ್ತಕ್ಕೆ ಒಂದೆರಡು ವರ್ಷ ಮಾತ್ರ ಬಾಕಿಯಿದ್ದರೆ, ಹಾಲು ಕೊಟ್ಟು ಬಂದ ಮೇಲೆ ಸ್ವಲ್ಪವಾದರೂ ಕಟ್ಟಿ ವರ್ಷ ತುಂಬಿಸಿ ಎನ್ನುತ್ತೇನೆ ನಾನು.

50 ದಾಟಿದ ಮೇಲೆ ಬೇಗ ಪಿಂಚಣಿ ತೆಗೆದುಕೊಳ್ಳಬಹುದು, ಆದರೆ 58ಕ್ಕೆ ಬಾಕಿ ಇರುವ ಪ್ರತಿ ವರ್ಷಕ್ಕೆ ಶೇ. 4 ಕಡಿತ. 58ಕ್ಕೆ ನಮೂನೆ 10ಡಿ ಸಲ್ಲಿಸಬೇಕು. ಆಧಾರ್, ಪಾಸ್‌ಬುಕ್, ಪಿ.ಎಫ್. ದಾಖಲೆ ಮೂರರಲ್ಲೂ ಹೆಸರು ಮತ್ತು ಜನ್ಮದಿನಾಂಕ ಒಂದೇ ಇದೆಯೇ ಎಂದು ಈಗಲೇ ನೋಡಿ. ಒಂದರಲ್ಲಿ ತವರಿನ ಹೆಸರು, ಇನ್ನೊಂದರಲ್ಲಿ ಗಂಡನ ಮನೆಯ ಹೆಸರು ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಬೀಡಿಯನ್ನೇ ಕಟ್ಟದ, 18ರಿಂದ 40ರೊಳಗಿನ ತಂಗಿಯರಿಗೆ ಅಟಲ್ ಪಿಂಚಣಿ ಇದೆ. ಆದಾಯ ತೆರಿಗೆ ಕಟ್ಟುವವರು ಸೇರುವಂತಿಲ್ಲ. 60ರ ನಂತರ ತಿಂಗಳಿಗೆ 1,000 ರೂಪಾಯಿ ಬೇಕಿದ್ದರೆ 30ರಲ್ಲಿ ಸೇರಿದವರಿಗೆ ತಿಂಗಳ ಕಂತು 116, 40ರಲ್ಲಿ ಸೇರಿದರೆ 291. ಹಾಲಿನ ಬಟವಾಡೆ ಬೀಳುವ ಖಾತೆಯಿಂದಲೇ ಕಂತು ಕಡಿತವಾಗುವಂತೆ ಬ್ಯಾಂಕಿನಲ್ಲಿ ಬರೆದುಕೊಡಬಹುದು.