ಬಾಣಂತಿಗೆ ಯಾವ ಗುಳಿಗೆ, ಯಾವಾಗ?

ಗರ್ಭನಿರೋಧಕ ಗುಳಿಗೆ ನುಂಗುತ್ತಿರುವಾಗಲೇ ಬಸುರಿ ಎಂದು ತಿಳಿದರೆ ಅಂದೇ ಗುಳಿಗೆ ನಿಲ್ಲಿಸಿ. ಆದರೆ ಗಾಬರಿಯಾಗಬೇಡಿ. ಗೊತ್ತಿಲ್ಲದೆ ಕೆಲವು ವಾರ ನುಂಗಿದ್ದರಿಂದ ಮಗುವಿಗೆ ಊನ ಬರುತ್ತದೆ ಎನ್ನಲು ಆಧಾರವಿಲ್ಲ. ಡೆನ್ಮಾರ್ಕಿನ ಸುಮಾರು 8.8 ಲಕ್ಷ ಜನನಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಇದರಿಂದ ಹುಟ್ಟುದೋಷ ಹೆಚ್ಚಿದ್ದು ಕಂಡಿಲ್ಲ. ಬೇಕೆಂದ ಬಸಿರನ್ನು ಈ ಒಂದೇ ಭಯಕ್ಕೆ ತೆಗೆಸಬೇಡಿ. ಹೊಟ್ಟೆಯ ಒಂದು ಬದಿ ನೋವು, ರಕ್ತಸ್ರಾವ ಇದ್ದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಗರ್ಭಪಾತದ ಮಾತ್ರೆಯೇ ಬೇರೆ. ಅದನ್ನು ನುಂಗಿದ್ದರೂ ಕೂಡಲೇ ಅವರಿಗೆ ತಿಳಿಸಿ.

ಹೆರಿಗೆಯಾದ ಮೇಲೆ ವಾರಗಳ ಲೆಕ್ಕ ಇಟ್ಟುಕೊಳ್ಳಿ. ಯಾವ ಗುಳಿಗೆ ಎನ್ನುವುದು ನಿಂತಿರುವುದೇ ಅದರ ಮೇಲೆ. ಆಶಾ ಕಾರ್ಯಕರ್ತೆ ಕೊಡುವ ಮಾಲಾ-ಎನ್‌ನಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎರಡೂ ಇವೆ. ಹೆರಿಗೆಯ ನಂತರ ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲೇ ಹೆಚ್ಚು, ಈಸ್ಟ್ರೋಜನ್ ಅದನ್ನು ಇನ್ನಷ್ಟು ಏರಿಸುತ್ತದೆ, ಎದೆಹಾಲನ್ನೂ ಕಡಿಮೆ ಮಾಡಬಹುದು. ಹಾಗಾಗಿ ಹಾಲೂಡಿಸುವ ತಾಯಿಗೆ ಮೊದಲ 6 ವಾರ ಇದು ಬೇಡವೇ ಬೇಡ. 6 ತಿಂಗಳು ತುಂಬುವವರೆಗೂ ಬೇರೆ ದಾರಿಯೇ ಮೇಲು. ಹಿಂದಿನ ಹೆರಿಗೆಗೆ ಮುಂಚೆ ತಂದು ಉಳಿದ ಪಟ್ಟಿಯನ್ನು ಬೀರುವಿನಿಂದ ತೆಗೆದು ಶುರು ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಬೇರೆ ದಾರಿ ಎಂದರೆ, ಪ್ರೊಜೆಸ್ಟಿನ್ ಮಾತ್ರ ಇರುವ ಮಿನಿ ಗುಳಿಗೆ ಒಂದು. ಇದು ಹಾಲಿಗೆ ತೊಂದರೆ ಕೊಡುವುದಿಲ್ಲ, ದಿನವೂ ಒಂದೇ ಹೊತ್ತಿಗೆ ನುಂಗಬೇಕು. ಯಾವಾಗ ಶುರು ಮಾಡಬೇಕೆಂದು ವೈದ್ಯರನ್ನು ಕೇಳಿ. ಇನ್ನೊಂದು, ಲಖನೌದಲ್ಲಿ ರೂಪುಗೊಂಡ, ಹಾರ್ಮೋನೇ ಇಲ್ಲದ ಸೆಂಟ್‌ಕ್ರೋಮನ್. ಸರ್ಕಾರಿ ಆಸ್ಪತ್ರೆಯಲ್ಲಿ ಛಾಯಾ ಎಂಬ ಹೆಸರಿನಲ್ಲಿ ಉಚಿತವಾಗಿ ಸಿಗುತ್ತದೆ. ಮೊದಲ 3 ತಿಂಗಳು ವಾರಕ್ಕೆ ಎರಡು, ಭಾನುವಾರ ಆರಂಭಿಸಿದರೆ ಭಾನುವಾರ ಮತ್ತು ಬುಧವಾರ. ಆಮೇಲೆ ಭಾನುವಾರ ಮಾತ್ರ. ಮುಟ್ಟು ತಡವಾಗುವುದು ಇದರಲ್ಲಿ ಸಾಮಾನ್ಯ, ಆದರೆ 15 ದಿನ ಮೀರಿದರೆ ಗರ್ಭ ಪರೀಕ್ಷೆ ಮಾಡಿಸಿ. ಕಾಮಾಲೆ, ಪಿಸಿಒಎಸ್ ಇದ್ದವರಿಗೆ ಛಾಯಾ ಹೊಂದುವುದಿಲ್ಲ.

"ಮುಟ್ಟು ಬರಲಿ, ಆಮೇಲೆ ನೋಡೋಣ" ಎಂದು ತವರಿನಿಂದ ಗಂಡನ ಮನೆಗೆ ಹೊರಡುವವರು ಗಮನಿಸಬೇಕು: ಮೊದಲ ಮುಟ್ಟಿಗೂ ಮುಂಚೆ ಅಂಡ ಬಿಡುಗಡೆಯಾಗಬಹುದು, ಗರ್ಭವೂ ನಿಲ್ಲಬಹುದು. ಹಾಲೂಡಿಸುವುದರಿಂದಲೇ ರಕ್ಷಣೆ ಸಿಗಬೇಕಾದರೆ ಮಗುವಿಗೆ 6 ತಿಂಗಳು ತುಂಬಿರಬಾರದು, ಮುಟ್ಟು ಮರಳಿರಬಾರದು, ಹಗಲೂ ರಾತ್ರಿಯೂ ಎದೆಹಾಲೇ ಆಹಾರವಾಗಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಬೇರೆ ವಿಧಾನ ಬೇಕು.

ಗುಳಿಗೆ ಕೇಳುವಾಗ ಹೆರಿಗೆಯ ದಿನಾಂಕ, ಹಾಲೂಡಿಸುತ್ತಿರುವುದು, ಬಿ.ಪಿ., ಅರೆತಲೆನೋವು, ಮೂರ್ಛೆರೋಗ ಅಥವಾ ಕ್ಷಯದ ಔಷಧ, ಎಲ್ಲವನ್ನೂ ಹೇಳಿ. ಶುರು ಮಾಡಿದ ಮೇಲೆ ಒಂದೇ ಕಾಲು ಊದಿ ನೋಯುವುದು, ಎದೆನೋವು, ಉಸಿರು ಕಟ್ಟುವುದು, ಹಠಾತ್ತನೆ ಕಣ್ಣು ಮಂಜಾಗುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.