ಬೋರ್ ಮಾಡಿಸುವ ಮುನ್ನ: ಹಳೆ ಪದ್ಮಿನಿಯ ಎಂಜಿನ್ ಕೆಲಸ

ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರಲ್ಲಿ ‘ಎಂಜಿನ್ ಬಿಚ್ಚಿಯೇ ಇಲ್ಲ’ ಅನ್ನುವವರು ಸಿಗುವುದು ಅಪರೂಪ. ಎರಡು ಸಲ, ಮೂರು ಸಲ ಆಗಿದೆ ಅನ್ನುವವರೇ ಹೆಚ್ಚು. 1964ರಲ್ಲಿ ಫಿಯಟ್ 1100 ಡಿಲೈಟ್ ಆಗಿ ಮುಂಬೈಯ ಕುರ್ಲಾ ಕಾರ್ಖಾನೆಯಿಂದ ಹೊರಬಂದು, 1974ರಲ್ಲಿ ಪದ್ಮಿನಿ ಎಂದು ಹೆಸರು ಪಡೆದ ಕಾರು ಅದು. ಅದರ 1089 ಸಿ.ಸಿ. ಎಂಜಿನ್ ತೀರಾ ಸರಳ: ಬೀಡು ಕಬ್ಬಿಣದ ಬ್ಲಾಕ್, ಅಲ್ಯೂಮಿನಿಯಂ ಹೆಡ್, ಪುಶ್‌ರಾಡ್ ವಾಲ್ವ್, ಒಂದು ಕಾರ್ಬುರೇಟರ್. ಸರಳ ಎಂಬ ಕಾರಣಕ್ಕೇ ಯಾರು ಬೇಕಾದರೂ ಬಿಚ್ಚುತ್ತಾರೆ, ಏಕೆ ಬಿಚ್ಚಿದೆವು ಎಂದು ಬರೆದಿಡುವವರಿಲ್ಲ. ಎರಡು ವರ್ಷಕ್ಕೆ ಮತ್ತೆ ಅದೇ ಹೊಗೆ, ಅದೇ ಸದ್ದು.

ಬ್ಲಾಕ್ ಎಷ್ಟು ಸಲ ಬೇಕಾದರೂ ಬೋರ್ ಆಗುವ ವಸ್ತುವಲ್ಲ. ಪ್ರತಿ ಸಲವೂ ಮಿಲಿಮೀಟರಿನ ಕಾಲು ಭಾಗದಷ್ಟೋ ಅದಕ್ಕಿಂತ ತುಸು ಕಡಿಮೆಯೋ ಲೋಹ ಹೋಗುತ್ತದೆ. ದೊಡ್ಡ ಸೈಜಿನ ಪಿಸ್ಟನ್ ಸಿಗುವವರೆಗೆ ಸರಿ, ಆಮೇಲೆ ಸ್ಲೀವ್ ಹಾಕಿಸಬೇಕು. ಆದ್ದರಿಂದ ಮೊದಲ ಕೆಲಸ ಸ್ಪ್ಯಾನರ್ ಹಿಡಿಯುವುದಲ್ಲ, ರೋಗ ಎಲ್ಲಿದೆ ಎಂದು ಗುರುತಿಸುವುದು.

ಹೊಗೆ ನೋಡಿ, ಕಂಪ್ರೆಷನ್ ಅಳೆಯಿರಿ

ನೀಲಿ ಹೊಗೆ ಕಂಡರೆ ಸಾಕು, ‘ರಿಂಗ್ ಹೋಗಿದೆ ಸಾರ್, ಬೋರ್ ಮಾಡಿಸಿಬಿಡೋಣ’ ಎಂಬ ಮಾತು ಬರುತ್ತದೆ. ಹೊಗೆ ಯಾವಾಗ ಬರುತ್ತದೆ ಎಂದು ಮೊದಲು ಗಮನಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದು ಮೋಡ ಎದ್ದು ನಿಂತುಹೋದರೆ, ಅಥವಾ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟು ಮತ್ತೆ ತುಳಿದಾಗ ಬಂದರೆ, ಅನುಮಾನ ಪಡಬೇಕಾದ್ದು ವಾಲ್ವ್ ಗೈಡನ್ನು. ಹೆಡ್ ಬಿಚ್ಚಿದರೆ ಮುಗಿಯುವ ಕೆಲಸ. ದಿಣ್ಣೆ ಏರುವಾಗ, ಲೋಡ್ ಬಿದ್ದಾಗ ಒಂದೇ ಸಮ ಹೊಗೆಯಾದರೆ ರಿಂಗು, ಬೋರಿನ ಕಡೆ ನೋಡಬೇಕು. ಕಪ್ಪು ಹೊಗೆ ಕಾರ್ಬುರೇಟರಿನದು, ಅದಕ್ಕೆ ಎಂಜಿನ್ ಇಳಿಸುವುದು ಶುದ್ಧ ದಂಡ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದ್ದು ರೇಡಿಯೇಟರಿನಲ್ಲಿ ನೀರು ಕಡಿಮೆಯಾಗುತ್ತಿದ್ದರೆ, ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿದೆ.

ಇದಾದ ಮೇಲೆ ಕಂಪ್ರೆಷನ್ ಗೇಜ್. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ತೆಗೆದು, ಇಗ್ನಿಷನ್ ಕಾಯಿಲ್ ವೈರ್ ಕಳಚಿ, ಆಕ್ಸಿಲರೇಟರನ್ನು ಪೂರ್ತಿ ತುಳಿದಿಟ್ಟು ಐದಾರು ಸುತ್ತು ಕ್ರ್ಯಾಂಕ್ ಮಾಡಿ. ಬ್ಯಾಟರಿ ದುರ್ಬಲವಾಗಿದ್ದರೆ ಓದುವ ಅಂಕಿಗೆ ಅರ್ಥವಿಲ್ಲ. ಒಂದೊಂದು ಸಿಲಿಂಡರಿನ ಅಂಕಿಗಿಂತ ಅವುಗಳ ನಡುವಿನ ಅಂತರ ಮುಖ್ಯ. ಒಂದು ಸಿಲಿಂಡರು ಉಳಿದವಕ್ಕಿಂತ ಬಹಳ ಕಡಿಮೆ ತೋರಿಸಿದರೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ತೊಂದರೆ ವಾಲ್ವಿನಲ್ಲೋ ಗ್ಯಾಸ್ಕೆಟ್ಟಿನಲ್ಲೋ ಇದೆ. ಪಕ್ಕಪಕ್ಕದ ಎರಡು ಸಿಲಿಂಡರು ಒಟ್ಟಿಗೆ ಕಡಿಮೆಯಾಗಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಹೆಚ್ಚು. ಈ ಅಂಕಿಗಳನ್ನು ಕಿಲೋಮೀಟರ್ ರೀಡಿಂಗ್ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮುಂದಿನ ಸಲ ಮೆಕ್ಯಾನಿಕ್ ಬೇರೆಯವರಾದರೂ ಪುಸ್ತಕ ನಿಮ್ಮ ಹತ್ತಿರ ಇರುತ್ತದೆ.

ಬಿಚ್ಚುವಾಗ

ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ನಟ್ಟು ಬೋಲ್ಟುಗಳಿಗೆ ಬೇರೆ ಬೇರೆ ಕವರು, ಮೇಲೆ ಹೆಸರು. ಪುಶ್‌ರಾಡುಗಳಿಗೆ ರಟ್ಟಿನ ಪೆಟ್ಟಿಗೆಯಲ್ಲಿ ಎಂಟು ತೂತು ಮಾಡಿ, ಬದಿಯಲ್ಲಿ ‘ರೇಡಿಯೇಟರ್ ಕಡೆ’ ಎಂದು ಬರೆದು, ಸಾಲಾಗಿ ಸಿಕ್ಕಿಸಿಡಿ. ಪ್ರತಿ ಪುಶ್‌ರಾಡು ತನ್ನ ಟ್ಯಾಪೆಟ್ಟಿಗೆ, ಪ್ರತಿ ಟ್ಯಾಪೆಟ್ಟು ತನ್ನ ಕ್ಯಾಮ್ ಉಬ್ಬಿಗೆ ಹೊಂದಿ ಸವೆದಿರುತ್ತದೆ. ಅದಲು ಬದಲಾದರೆ ಚೆನ್ನಾಗಿದ್ದ ಕ್ಯಾಮ್‌ಶಾಫ್ಟೂ ಬೇಗ ಹಾಳು. ಕನೆಕ್ಟಿಂಗ್ ರಾಡಿನ ಕ್ಯಾಪುಗಳಿಗೂ ಇದೇ ನಿಯಮ. ನಂಬರ್ ಕಾಣದಿದ್ದರೆ ಬಿಚ್ಚುವ ಮೊದಲೇ ಪಂಚ್ ಹೊಡೆದು ಗುರುತು ಹಾಕಿ.

ಲೇತ್ ಅಂಗಡಿಯಲ್ಲಿ ನೀವೂ ನಿಲ್ಲಿ

ಬೆಂಗಳೂರಾದರೆ ಬಿಡಿಭಾಗಕ್ಕೆ ಜೆ.ಸಿ. ರಸ್ತೆ ಇದೆ, ಬೇರೆ ಊರುಗಳಲ್ಲಿ ಹಳೆ ಬೋರಿಂಗ್ ಅಂಗಡಿಯವರ ಸಂಪರ್ಕವೇ ಗತಿ. ಎಲ್ಲಿ ಮಾಡಿಸಿದರೂ ಬ್ಲಾಕ್ ಕೊಟ್ಟು ಬರಬೇಡಿ, ಅಳೆಯುವಾಗ ನಿಂತು ನೋಡಿ. ಬೋರ್ ಗೇಜನ್ನು ಮೇಲೆ, ನಡುವೆ, ಕೆಳಗೆ ಇಡಬೇಕು. ಪ್ರತಿ ಎತ್ತರದಲ್ಲೂ ಕ್ರ್ಯಾಂಕಿಗೆ ನೇರವಾಗಿ ಒಮ್ಮೆ, ಅಡ್ಡವಾಗಿ ಒಮ್ಮೆ. ಸವೆತ ಹೆಚ್ಚಿರುವುದು ಮೇಲಿನ ರಿಂಗ್ ಬಂದು ನಿಲ್ಲುವ ಜಾಗದಲ್ಲಿ. ಉಗುರು ಎಳೆದರೆ ಅಲ್ಲೊಂದು ಮೆಟ್ಟಿಲು ತಡೆಯುತ್ತದೆ. ಸವೆತ ಮಿತಿಯೊಳಗಿದ್ದರೆ ಬರೀ ಹೋನಿಂಗ್ ಮತ್ತು ಹೊಸ ರಿಂಗ್ ಸಾಕು. ಬೋರ್ ಬೇಡ ಅಂದರೆ ಅಂಗಡಿಯವನ ಮುಖ ಸಪ್ಪಗಾಗಬಹುದು, ಆಗಲಿ.

ಬೋರ್ ಮಾಡಿಸಲೇಬೇಕಾದರೆ ಪಿಸ್ಟನ್ ಸೆಟ್ ಮೊದಲು ತನ್ನಿ, ಬೋರಿಂಗ್ ಆಮೇಲೆ. ಪಿಸ್ಟನ್ನನ್ನು ಮೈಕ್ರೋಮೀಟರಿನಲ್ಲಿ ಅಳೆದು, ಡಬ್ಬಿಯ ಮೇಲೆ ಕೊಟ್ಟ ಕ್ಲಿಯರೆನ್ಸ್ ಸೇರಿಸಿ, ಅಷ್ಟಕ್ಕೇ ಬೋರ್ ಮಾಡಬೇಕು. ಬೋರ್ ಮಾಡಿಸಿಟ್ಟು ಪಿಸ್ಟನ್ ಹುಡುಕಲು ಹೊರಟರೆ ಆ ಸೈಜ್ ಸಿಗದೆ ಇನ್ನೊಂದು ಸುತ್ತು ಲೋಹ ಕಳೆಯಬೇಕಾಗುತ್ತದೆ. ರಿಂಗನ್ನು ಪಿಸ್ಟನ್ನಿನ ತಲೆಯಿಂದ ನೇರವಾಗಿ ಬೋರಿನೊಳಗೆ ತಳ್ಳಿ, ಬಾಯಿಯ ಅಂತರವನ್ನು ಫೀಲರ್ ಗೇಜಿನಲ್ಲಿ ನೋಡಿ. 68 ಮಿ.ಮೀ. ಬೋರಿಗೆ 0.2ರಿಂದ 0.3 ಮಿ.ಮೀ. ಆಸುಪಾಸು ಇರಬೇಕು. ತೀರಾ ಕಡಿಮೆಯಾದರೆ ಬಿಸಿಗೆ ರಿಂಗ್ ಹಿಗ್ಗಿ ಬಾಯಿ ಮುಚ್ಚಿ ಮುರಿಯುತ್ತದೆ.

ಹೋನಿಂಗ್ ಆದ ಬ್ಲಾಕನ್ನು ತೊಳೆಯುವ ಕೆಲಸ ಯಾರಿಗೂ ಇಷ್ಟವಿಲ್ಲ. ಎರಡನೇ ಸಲ ಎಂಜಿನ್ ಬಿಚ್ಚಿಸುವುದು ಬಹಳಷ್ಟು ಕಡೆ ಇದೇ ಉದಾಸೀನ. ಪೆಟ್ರೋಲಿಗೋ ಸೀಮೆಎಣ್ಣೆಗೋ ಹೋನಿಂಗ್ ಕಲ್ಲಿನ ಪುಡಿ ಬಿಡುವುದಿಲ್ಲ, ಲೋಹದ ಗೆರೆಗಳಲ್ಲಿ ಕೂತೇ ಇರುತ್ತದೆ. ಬಿಸಿನೀರು, ಸೋಪು, ಗಟ್ಟಿ ಬ್ರಷ್ಷು ಹಿಡಿದು ಉಜ್ಜಿ. ಬಿಳಿ ಪಂಚೆಯ ತುಂಡಿನಲ್ಲಿ ಒರೆಸಿದರೆ ಬೂದು ಬಣ್ಣ ಹತ್ತಬಾರದು. ಹತ್ತಿದರೆ ಮತ್ತೆ ತೊಳೆಯಿರಿ. ಒಣಗಿದ ಕೂಡಲೇ ಆಯಿಲ್ ಸವರದಿದ್ದರೆ ಅರ್ಧ ಗಂಟೆಯಲ್ಲೇ ತುಕ್ಕು ಹಿಡಿಯಬಹುದು.

ಹೆಡ್ಡಿನದು ಬೇರೆ ಕಥೆ. ಅಲ್ಯೂಮಿನಿಯಂ ಬಿಸಿಗೆ ಹಿಗ್ಗುವ ಪ್ರಮಾಣ ಬೀಡಿಗಿಂತ ಸುಮಾರು ಎರಡರಷ್ಟು. ಎಂಜಿನ್ ಒಮ್ಮೆ ಕುದಿದರೆ ಹೆಡ್ ಡೊಂಕಾಗಿರಬಹುದು. ಅಂಚುಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಿ, ಬೇಕಿದ್ದರೆ ಮಾತ್ರ ಫೇಸಿಂಗ್ ಮಾಡಿಸಿ. ಪ್ರತಿ ಫೇಸಿಂಗಿಗೂ ಕಂಬಷನ್ ಚೇಂಬರ್ ಚಿಕ್ಕದಾಗಿ, ಕಂಪ್ರೆಷನ್ ಏರಿ, ದಿಣ್ಣೆಯಲ್ಲಿ ಎಂಜಿನ್ ಟಕಟಕ ಬಡಿಯುವ ದಿನ ಹತ್ತಿರವಾಗುತ್ತದೆ. ಕೂರಿಸುವಾಗ ಟಾರ್ಕ್ ರೆಂಚ್ ಹಿಡಿದು, ನಡುವಿನ ನಟ್ಟಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ ಬಿಗಿ ಮಾಡಿ. ‘ಕೈ ಅಂದಾಜು’ ಇಲ್ಲಿ ಬೇಡ.

ಮೊದಲ ಸ್ಟಾರ್ಟ್

ಪ್ಲಗ್ ಹಾಕದೆ ಕ್ರ್ಯಾಂಕ್ ಮಾಡಿ ಆಯಿಲ್ ಪ್ರೆಷರ್ ಬಂದದ್ದನ್ನು ಖಚಿತ ಮಾಡಿಕೊಂಡ ಮೇಲೆ ಸ್ಟಾರ್ಟ್ ಮಾಡಿ. ಆಯಿಲ್ 20W-40 ಅಥವಾ 20W-50 ಮಿನರಲ್ ಇರಲಿ. ಹೊಸ ಕಾರಿನ ತೆಳು ಸಿಂಥೆಟಿಕ್ ಇದಕ್ಕೆ ಹೇಳಿದ್ದಲ್ಲ. ಹೊಸ ಕ್ಯಾಮ್‌ಶಾಫ್ಟ್ ಹಾಕಿದ್ದರೆ ಮೊದಲ ಇಪ್ಪತ್ತು ನಿಮಿಷ 2000 ಆರ್‌ಪಿಎಂ ಆಸುಪಾಸಿನಲ್ಲಿ ಓಡಿಸಬೇಕು, ಐಡಲ್‌ನಲ್ಲಿ ಬಿಟ್ಟು ಚಹಾಕ್ಕೆ ಹೋಗಬಾರದು. ರಸ್ತೆಯಲ್ಲಿ ಟಾಪ್ ಗೇರಿನಲ್ಲಿ ಗೊರಗೊರ ಎಳೆಸಬೇಡಿ, ಒಂದೇ ವೇಗದಲ್ಲಿಯೂ ಹೋಗಬೇಡಿ. ಐನೂರು ಕಿಲೋಮೀಟರಿಗೆ ಆಯಿಲ್ ಬದಲಿಸಿ, ಎಂಜಿನ್ ತಣ್ಣಗಿರುವಾಗ ಟ್ಯಾಪೆಟ್ ಮತ್ತೆ ಅಡ್ಜಸ್ಟ್ ಮಾಡಿಸಿ.

ಮಾರ್ಪಾಡು: ಒಂದು ಸಲಕ್ಕೆ ಒಂದೇ

ಬೋರ್ ದೊಡ್ಡದು ಮಾಡಿಸಿದರೆ ಪವರ್ ಹೆಚ್ಚುತ್ತದೆ ಎಂಬ ನಂಬಿಕೆಗೆ ಲೆಕ್ಕ ಹಾಕಿ ನೋಡಿ. ಬೋರ್ 68 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಪೂರ್ತಿ ಒಂದು ಮಿ.ಮೀ. ದೊಡ್ಡದು ಮಾಡಿಸಿದರೂ 1089 ಸಿ.ಸಿ. ಆಗುವುದು 1122. ಮೂವತ್ತಮೂರು ಸಿ.ಸಿ.ಗಾಗಿ ಬ್ಲಾಕಿನ ಆಯುಷ್ಯವೆಲ್ಲ ಕೊಟ್ಟಂತೆ. ಬರೀ ಮೂರು ಮೇನ್ ಬೇರಿಂಗಿನ ಮೇಲೆ ಕೂತ ಕ್ರ್ಯಾಂಕ್ ಇದು, ಹೆಚ್ಚು ಆರ್‌ಪಿಎಂಗೆ ಹೇಳಿ ಮಾಡಿಸಿದ್ದಲ್ಲ. ಬ್ರೇಕುಗಳೋ ಡ್ರಮ್ಮಿನವು.

ನನ್ನ ಕೇಳಿದರೆ ದುಡ್ಡು ಹಾಕಬೇಕಾದ್ದು ಬೇರೆ ಕಡೆ. ಮೊದಲು ರೇಡಿಯೇಟರ್ ಹೊಸ ಕೋರ್, ಬೋರ್‌ವೆಲ್ ನೀರಿನ ಬದಲು ಕೂಲಂಟ್. ಆಮೇಲೆ ಕಾಂಟ್ಯಾಕ್ಟ್ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಅದು ಹಳೆ ರಬ್ಬರನ್ನು ತಿನ್ನುತ್ತದೆ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಂ, ಕಾರ್ಬುರೇಟರ್ ಕಿಟ್ ಎಥೆನಾಲ್ ತಡೆಯುವಂಥವು ಹಾಕಿಸಿ, ಜೆಟ್ ಸ್ವಲ್ಪ ರಿಚ್ ಮಾಡಿಸಿ. ಹೀಗೆ ಒಂದೊಂದೇ ಬದಲಿಸಿ, ಸಾವಿರ ಕಿಲೋಮೀಟರ್ ಓಡಿಸಿ, ಪ್ಲಗ್ಗಿನ ಬಣ್ಣವನ್ನೂ ಮೈಲೇಜನ್ನೂ ಬರೆದುಕೊಂಡು ಮುಂದಿನದಕ್ಕೆ ಹೋಗಿ. ಮೂರನ್ನೂ ಒಟ್ಟಿಗೆ ಮಾಡಿದರೆ ಎಡವಟ್ಟಾದದ್ದು ಯಾವುದರಿಂದ ಎಂದು ಪತ್ತೆಯಾಗುವುದಿಲ್ಲ.

ಬೇರೆ ಕಾರಿನ ಎಂಜಿನ್ ಕೂರಿಸುವ ಆಸೆ ಇರುವವರು ಗ್ಯಾರೇಜಿಗಿಂತ ಮೊದಲು ಆರ್.ಟಿ.ಒ. ಕಚೇರಿಗೆ ಹೋಗಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್.ಸಿ.ಯಲ್ಲಿರುವ ವಿವರಕ್ಕೆ ಹೊಂದದ ಮಾರ್ಪಾಡು ಮಾಡುವಂತಿಲ್ಲ. ಅದೇ ಮಾದರಿಯ ಇನ್ನೊಂದು ಎಂಜಿನ್ ಹಾಕಿಸಿದರೂ ಹೊಸ ನಂಬರನ್ನು ಆರ್.ಸಿ.ಯಲ್ಲಿ ಬರೆಸಬೇಕು, ಇನ್ಶೂರೆನ್ಸಿನವರಿಗೂ ತಿಳಿಸಬೇಕು, ಬಿಲ್ ಇಟ್ಟುಕೊಳ್ಳಿ. ಐವತ್ತು ವರ್ಷ ದಾಟಿದ ಕಾರುಗಳಿಗೆ 2021ರಿಂದ ವಿಂಟೇಜ್ ನೋಂದಣಿಯ ನಿಯಮ ಬಂದಿದೆ. ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು ಎಂಬುದು ಅದರ ಷರತ್ತು. 1974ರ ಪದ್ಮಿನಿಗಳು ಆ ವಯಸ್ಸು ದಾಟಿವೆ, ನಂತರದವು ಸಾಲಿನಲ್ಲಿವೆ. ಹಾಗಾಗಿ ಬದಲಿಸಲೇಬೇಕಾಗಿ ಬಂದರೂ ಹಳೆ ಬ್ಲಾಕನ್ನು ಗುಜರಿಗೆ ಹಾಕದೆ, ಗ್ರೀಸ್ ಸವರಿ, ನಂಬರ್ ಕಾಣುವಂತೆ ಪ್ಲಾಸ್ಟಿಕ್ ಸುತ್ತಿ ಶೆಡ್ಡಿನ ಮೂಲೆಯಲ್ಲಿ ಹಲಗೆಯ ಮೇಲೆ ಇಡಿ.